ಗೋಣಿಮರದ ನವಿಲು

ದಿವಂಗತ ಶಿವಮಲ್ಲಪ್ಪನವರು ನಲವತ್ತು ವರ್ಷ ಗೂಬೆಗಳನ್ನು ಕಾಪಾಡಿದರು. ಮೈಸೂರಿನಲ್ಲಿ ಆ ಕೆಲಸವನ್ನು ಮೊದಲು ಕೈಗೆತ್ತಿಕೊಂಡವರು ಅವರೇ. ಆದ್ದರಿಂದ 2003ರ ಫೆಬ್ರವರಿಯಲ್ಲಿ ನಡೆದ ಅವರ ಸ್ಮರಣ ಸಪ್ತಾಹದಲ್ಲಿ ಗೂಬೆ ಎಂಬ ಪದವನ್ನು ನಿಷೇಧಿಸಲಾಯಿತು.

ಕಾರಣವಿತ್ತು. ಮೊದಲ ದಿನ ಒಬ್ಬ ನಿವೃತ್ತ ಮೇಷ್ಟ್ರು ಮೈಕಿನ ಮುಂದೆ ನಿಂತು, ವೇದಿಕೆಯತ್ತ ಕೈ ಚಾಚಿ, “ಹಗಲೆಲ್ಲ ತೂಕಡಿಸುವ ಈ ಗೂಬೆಗಳಿಂದ ನಾಡಿಗೆ ಎಷ್ಟು ಉಪಕಾರ!” ಎಂದರು. ಅವರು ತೋರಿಸಿದ್ದು ಹಿಂದಿನ ಗೋಡೆಯ ಗೂಬೆಗಳ ಚಿತ್ರವನ್ನು. ಸಭೆ ಚಪ್ಪಾಳೆ ತಟ್ಟಿತು. ಆ ಸದ್ದಿಗೆ ವೇದಿಕೆಯ ಗಣ್ಯರು ಎಚ್ಚರಗೊಂಡರು.

ಸಂಜೆಯೇ ಸಪ್ತಾಹ ಸಮಿತಿಯ ಪ್ರಕಟಣೆ ಹೊರಬಿತ್ತು: “ಸದರಿ ಪಕ್ಷಿಯ ಹೆಸರು ವೇದಿಕೆಯ ಘನತೆಗೆ ಧಕ್ಕೆ ತರುವುದರಿಂದ, ಇನ್ನು ಮುಂದೆ ಭಾಷಣ, ಮನವಿ, ಕಡತ, ಎಲ್ಲೆಡೆಯೂ ಅದರ ಬದಲು ನವಿಲು ಎಂದು ಬಳಸತಕ್ಕದ್ದು. ನವಿಲು ರಾಷ್ಟ್ರಪಕ್ಷಿ, ಯಾರಿಗೂ ಆಕ್ಷೇಪವಿರಲಾರದು.”

ಶಿವಮಲ್ಲಪ್ಪನವರ ಹೆಂಡತಿ ಪಾರ್ವತಮ್ಮನವರಿಗೆ ಆಕ್ಷೇಪಿಸಲು ಪುರುಸೊತ್ತಿರಲಿಲ್ಲ. ಗಂಡ ಕಾಪಾಡಿದ ಕೊನೆಯ ಜೋಡಿ ಬೋಗಾದಿಯ ಗೋಣಿಮರದ ಪೊಟರೆಯಲ್ಲಿತ್ತು. ಮರ ಹೊಸ ಬಡಾವಣೆಯ ರಸ್ತೆಗೆ ಅಡ್ಡ ನಿಂತಿತ್ತು. ಬಡಾವಣೆ ಸಪ್ತಾಹ ಸಮಿತಿಯ ಅಧ್ಯಕ್ಷರದೇ. ಮರ ಉಳಿಸಿಕೊಡಿ ಎಂದು ಅರ್ಜಿ ಬರೆದುಕೊಂಡು ಆಕೆ ಲಷ್ಕರ್ ಮೊಹಲ್ಲಾದ ಸಮಿತಿ ಕಚೇರಿಗೆ ಹೋದರು.

ಕಾರ್ಯದರ್ಶಿ ಲಿಂಗಯ್ಯ ಓದಿ, ಕೆಂಪು ಪೆನ್ನು ತೆಗೆದ.

“ಅಮ್ಮಾ, ಆ ಪದ ಬ್ಯಾಡಿ. ನವಿಲು ಅಂತ ತಿದ್ಬುಡ್ತೀನಿ.”

“ನಿನ್ ತಲೆ! ನವಿಲು ಪೊಟರೇಲಿರ್ತದೇನೋ?”

“ರೂಲ್ಸು ಕಣಮ್ಮ. ತಿದ್ದದೆ ಇದ್ರೆ ಅರ್ಜಿ ಮುಂದಕ್ಕೇ ಹೋಗಕ್ಕಿಲ್ಲ.”

“ತಿದ್ಕೊ. ಮರ ಉಳಿದ್ರೆ ಸಾಕು.”

ಮೂರೇ ದಿನಕ್ಕೆ ಉತ್ತರ ಬಂತು. “ನವಿಲು ನೆಲದ ಮೇಲೆ ಮೊಟ್ಟೆಯಿಡುವ ಪಕ್ಷಿ. ಅದಕ್ಕೆ ಮರಕ್ಕಿಂತ ನೆಲ ಮುಖ್ಯ. ಆದ್ದರಿಂದ ತಮ್ಮ ಮನವಿಯನ್ನು ಪುರಸ್ಕರಿಸಿ, ನೆಲ ವಿಶಾಲವಾಗುವಂತೆ ಮರವನ್ನು ತೆರವುಗೊಳಿಸಲಾಗುವುದು.”

ಸಪ್ತಾಹದ ಸಮಾರೋಪದಂದು ಮರ ಬಿತ್ತು. ಅಧ್ಯಕ್ಷರು ಬೊಡ್ಡೆಗೆ ಹಾರ ಹಾಕಿದರು. ಪಾರ್ವತಮ್ಮ ಪೊಟರೆ ಇಣುಕಿದರು. ಖಾಲಿ.

ಮರ ಬಿದ್ದ ಹತ್ತನೇ ದಿನ ಹಕ್ಕಿಗಳ ಸುದ್ದಿ ಸಿಕ್ಕಿತು. ಸಮಿತಿ ಕಚೇರಿಯ ಕಡತದ ಕೋಣೆ ಹೊಕ್ಕು, ಬೀರುವಿನ ಮೇಲೆ ಕೂತಿದ್ದವು. ಪಾರ್ವತಮ್ಮ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಜವಾನ ಸಿದ್ದಪ್ಪಾಜಿ ದೊಣ್ಣೆ ಎತ್ತಿದ್ದ.

“ಇಳಿಸೋ ದೊಣ್ಣೇನ!”

“ಗೂಬೆ ಕಣಮ್ಮ! ಒಳಗ್ ಬಂದ್ರೆ ಕಚೇರೀನೇ ಖಾಲಿ ಮಾಡ್ಬೇಕಾಯ್ತದೆ.”

“ಯಾವ ಗೂಬೆ? ಲಿಂಗಯ್ಯ, ನನ್ನ ಅರ್ಜಿ ತೆಗಿ.”

ಲಿಂಗಯ್ಯ ತೆಗೆದ. ಗೋಣಿಮರದ ಜೋಡಿ: ನವಿಲು. ಕೆಳಗೆ ಅಧ್ಯಕ್ಷರ ಸಹಿ, ಮೊಹರು.

“ರಾಷ್ಟ್ರಪಕ್ಷಿ ಕಣೋ. ಹೊಡಿ ನೋಡಾನ. ನಾಳೆ ಜೈಲು.”

ದೊಣ್ಣೆ ಮೂಲೆ ಸೇರಿತು.

ಅಧ್ಯಕ್ಷರು ಬಂದರು. ಬೀರುವಿನ ಮೇಲಿನ ನಾಲ್ಕು ದುಂಡು ಕಣ್ಣುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಸಹಿಯನ್ನು ನೋಡಿದರು.

“ಗರಿ ಬಿಚ್ಚಲ್ವಾ?”

“ಮೋಡ ಕಾಣ್ಬೇಕಲ್ಲ ಸ್ವಾಮಿ,” ಎಂದರು ಪಾರ್ವತಮ್ಮ.

“ಹೌದೌದು. ಇನ್ನೂ ಫೆಬ್ರವರಿ.”

ನವಿಲುಗಳಿಗೆ ಮೋಡ ಕಾಣಲೆಂದು ಕಡತದ ಕೋಣೆಯ ಕಿಟಕಿಯನ್ನು ಹಗಲೂ ರಾತ್ರಿ ತೆರೆದಿಡತಕ್ಕದ್ದೆಂದು ಅಂದೇ ಆದೇಶವಾಯಿತು.