ಕಳ್ಳನಿಗೆ ಸಿಕ್ಕ ಜಾಮೀನು ನಮ್ಮ ಟ್ರೇಲರ್‌ಗೂ ಸಿಗಲಿ

ಗ್ರಾಮಾಂತರ ಪೊಲೀಸ್ ಠಾಣೆಯ ಠಾಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕುರ್ಚಿಯಲ್ಲಿ ಸುಖವಾಗಿ ಆಸೀನರಾಗಿದ್ದೀರೆಂದೂ, ತಲೆಯ ಮೇಲಿನ ಫ್ಯಾನು ತಿರುಗುತ್ತಿದೆಯೆಂದೂ, ನಾವು ಹಿಂದೆ ಕೊಟ್ಟ ಆರು ಅರ್ಜಿಗಳು ಆ ಗಾಳಿಗೆ ಹಾರಿಹೋಗದಂತೆ ಅವುಗಳ ಮೇಲೆ ತಮ್ಮ ಟೀ ಲೋಟ ಭದ್ರವಾಗಿ ಕೂತಿದೆಯೆಂದೂ ನಂಬಿಕೊಂಡು, ಹಳ್ಳದ ದಂಡೆಯಲ್ಲಿ ತರಕಾರಿ ಬೆಳೆಯುವ ಒಂಬತ್ತು ಹೆಂಗಸರ ಸಂಘದ ಕಾರ್ಯದರ್ಶಿಯಾದ ನಾನು ಈ ಏಳನೆಯದನ್ನು ಬರೆಯುತ್ತಿದ್ದೇನೆ. ಮುಚ್ಚಿದ ಲಕೋಟೆಯಲ್ಲಿ ಕೊಟ್ಟದ್ದನ್ನು ತಾವು ತೆರೆಯುವುದಿಲ್ಲವಾದ್ದರಿಂದ ಈ ಸಲ ತೆರೆದೇ, ಊರೆಲ್ಲ ಓದುವ ಹಾಗೆ ಕೊಡುತ್ತಿದ್ದೇವೆ. ತಮ್ಮ ಶ್ರಮ ಅಷ್ಟಾದರೂ ಉಳಿಯಲಿ.

ಮೊದಲು ಕೃತಜ್ಞತೆ ಸಲ್ಲಬೇಕು. ಕಳೆದ ವರ್ಷ ಪಕ್ಕದ ಹೊಲದವರ ಪಂಪ್‌ಸೆಟ್ ಕಳುವಾದಾಗ, ನಮ್ಮ ಟ್ರೇಲರ್‌ಗೂ ಅದೇ ಗತಿ ಬಂದೀತೆಂದು ಹೆದರಿ, ವಾರಕ್ಕೊಮ್ಮೆ ಒಬ್ಬ ಪೇದೆಯನ್ನಾದರೂ ಆ ದಾರಿಯಲ್ಲಿ ಕಳಿಸಿ ಎಂದು ತಮ್ಮ ಮುಂದೆ ಕೈಮುಗಿದು ನಿಂತಿದ್ದೆವು. ಪೇದೆಯ ಬದಲು ತಾವು ನಮಗೆ ಸಲಹೆಗಳನ್ನು ಕೊಟ್ಟಿರಿ. “ಬಯಲಲ್ಲಿ ಗಾಡಿ ಬಿಟ್ಟು ಆಮೇಲೆ ನಮ್ಮ ಹತ್ತಿರ ಅಳಬೇಡ್ರಮ್ಮಾ. ಬೀಗ ಹಾಕಿ, ಲೈಟ್ ಹಾಕಿ, ನಾಯಿ ಕಟ್ಟಿ, ಗುರುತು ಮಾಡಿ. ಇಷ್ಟೂ ನಾವೇ ಹೇಳಿಕೊಡಬೇಕಾ?” ಎಂದಿರಿ. ಒಂದೇ ಉಸಿರಿನಲ್ಲಿ ನಾಲ್ಕು ಸಲಹೆ! ಒಂದಕ್ಕೂ ಇಲಾಖೆಗೆ ಖರ್ಚಿಲ್ಲ. ಇಂಥ ಔದಾರ್ಯವನ್ನು ನಾವು ಬೇರೆ ಯಾವ ಕಚೇರಿಯಲ್ಲೂ ಕಂಡಿಲ್ಲ.

ತಮಗೆ ಟ್ರೇಲರ್ ಎಂದರೆ ಎರಡು ಗಾಲಿ, ಒಂದು ಕೊಂಡಿ, ನಾಲ್ಕು ಬದಿಯ ತಗಡು ಇದ್ದೀತು. ಅದು ಬರುವ ಮುಂಚೆ ನಮ್ಮ ತರಕಾರಿ ದಲ್ಲಾಳಿಯ ವ್ಯಾನಿನಲ್ಲಿ ಹೋಗುತ್ತಿತ್ತು. ನಸುಕಿನಲ್ಲಿ ಕೊಯ್ದ ಸೊಪ್ಪಿಗೆ ಮಧ್ಯಾಹ್ನ ಬರುವ ವ್ಯಾನು, ಇಳಿದವನೇ ಒಂದು ಕಟ್ಟು ಎತ್ತಿ ನೋಡಿ “ಬಾಡಿಹೋಗಿದೆಯಲ್ಲಕ್ಕಾ” ಎಂದು ಮರುಗುವ ದಲ್ಲಾಳಿ, ಬಾಡಿದ್ದಕ್ಕೆ ಅವನು ಹೇಳಿದ್ದೇ ಬೆಲೆ. ಬಾಡುವವರೆಗೆ ಕಾಯಿಸಿದವನು ಯಾರು ಎಂದು ಕೇಳಿದರೆ ಮರುದಿನ ವ್ಯಾನೇ ಇಲ್ಲ. ಆಗ ನಾವು ವೆಲ್ಡಿಂಗ್ ಅಂಗಡಿಯವರ ಹಿಂದೆ ಬಿದ್ದು, ಹಳೆಯ ಲಾರಿಯ ಅಚ್ಚಿನ ಮೇಲೆ ಈ ಟ್ರೇಲರ್ ಕಟ್ಟಿಸಿದೆವು. ನಮ್ಮಲ್ಲೇ ಒಬ್ಬಳು, ಡ್ರೈವರಕ್ಕ, ಬಾಡಿಗೆಯ ಟ್ರ್ಯಾಕ್ಟರಿಗೆ ಅದನ್ನು ಸಿಕ್ಕಿಸಿ ಹೊರಟರೆ ಬಿಸಿಲೇರುವ ಮುನ್ನ ಮಾರುಕಟ್ಟೆಯಲ್ಲಿರುತ್ತಿದ್ದೆವು. ಮೊದಲ ಬಾರಿ ನಮ್ಮ ಸೊಪ್ಪಿಗೆ ನಾವೇ ಬೆಲೆ ಕೂಗಿದ ದಿನ ಡ್ರೈವರಕ್ಕ ವಾಪಸ್ ಬರುವಾಗ ದಾರಿಯುದ್ದಕ್ಕೂ ಸುಮ್ಮಸುಮ್ಮನೆ ಹಾರ್ನ್ ಹೊಡೆದಳು. ಅದನ್ನು ಶಬ್ದ ಮಾಲಿನ್ಯವೆಂದು ತಾವು ಕೇಸು ಹಾಕದಿದ್ದುದಕ್ಕೂ ಇಲ್ಲಿಯೇ ವಂದನೆಗಳು.

ತಮ್ಮ ಸಲಹೆಗಳನ್ನು ನಾವು ಅಕ್ಷರಶಃ ಪಾಲಿಸಿದೆವು, ಒಂದು ಕೈ ಹೆಚ್ಚೇ ಪಾಲಿಸಿದೆವು. ಬೀಗ ಹಾಕಿ ಎಂದಿರಿ. ಆದರೆ ಕೀಲಿ ಒಬ್ಬರ ಕೈಯಲ್ಲಿದ್ದರೆ ನಾಳೆ ಅವರೇ ಯಜಮಾನರಾಗುತ್ತಾರೆಂಬುದು ನಮ್ಮ ಹೋರಾಟ ಕಲಿಸಿದ ಪಾಠವಾದ್ದರಿಂದ, ಟ್ರೇಲರನ್ನು ಹುಣಸೆಮರಕ್ಕೆ ಬಿಗಿದ ಸರಪಳಿಗೆ ಒಂಬತ್ತು ಮಂದಿಯೂ ಒಂದೊಂದು ಬೀಗ ಜಡಿದು, ಸಂಘದ ಠರಾವಿಲ್ಲದೆ ಯಾರೂ ತನ್ನ ಕೀಲಿಯನ್ನು ಇನ್ನೊಬ್ಬರಿಗೆ ಕೊಡಕೂಡದೆಂದು ನಿಯಮ ಮಾಡಿದೆವು. ಪರಿಣಾಮ ಅದ್ಭುತವಾಗಿತ್ತು. ಒಬ್ಬಳು ಮಗಳ ಬಾಣಂತನಕ್ಕೆ ಹೋಗಿ ಕೀಲಿ ಜೊತೆಯಲ್ಲೇ ಒಯ್ದಳು, ಒಬ್ಬಳದು ಬಾವಿಗೆ ಬಿತ್ತು, ಇನ್ನೊಬ್ಬಳದು ಹಿಟ್ಟಿನ ಡಬ್ಬಿಯಲ್ಲಿ ಎರಡು ತಿಂಗಳ ಮೇಲೆ ಸಿಕ್ಕಿತು. ವಾರಕ್ಕೊಮ್ಮೆ ವೆಲ್ಡಿಂಗ್ ಅಂಗಡಿಯವರು ಉದ್ದ ಹಿಡಿಯ ಕಟ್ಟರ್ ಹಿಡಿದು ಬಂದು ಯಾವುದಾದರೊಂದು ಬೀಗ ಕತ್ತರಿಸಿಕೊಟ್ಟು, “ನಿಮ್ಮ ಗಾಡಿ ಕದಿಯೋ ಕಷ್ಟ ಯಾವ ಕಳ್ಳನಿಗೂ ಬೇಡಮ್ಮಾ” ಎಂದು ಹಾರೈಸಿ ಹೋಗುತ್ತಿದ್ದರು.

ಅವರ ಹಾರೈಕೆ ಫಲಿಸಲಿಲ್ಲ. ನಾಲ್ಕು ತಿಂಗಳ ಹಿಂದೆ, ತಮ್ಮ ಸಲಹೆಯಂತೆ ನಾವು ಹಾಕಿಸಿದ ಲೈಟಿನ ಅಗತ್ಯವೇ ಬೀಳದ ನಡುಮಧ್ಯಾಹ್ನ, ನಾವೆಲ್ಲ ಹೊಲದ ಆ ತುದಿಯಲ್ಲಿ ಸಸಿ ನೆಡುತ್ತಿದ್ದಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಸಜ್ಜನರು ಟ್ರ್ಯಾಕ್ಟರ್ ಸಮೇತ ಬಂದರು. ಮರದ ಕೆಳಗೆ ಬೀಜ ಆರಿಸುತ್ತ ಕೂತಿದ್ದ ನಮ್ಮ ಸಂಘದ ಹಿರಿಯಜ್ಜಿಗೆ “ಅಜ್ಜೀ, ಮತ್ತೆ ಕೀಲಿ ಕಳಕೊಂಡಿದ್ದಾರಂತೆ, ಬೀಗ ಕತ್ತರಿಸೋಕೆ ಕಳಿಸಿದಾರೆ” ಎಂದರು. ಪ್ರತಿ ವಾರ ನಡೆಯುವ ಕೆಲಸ. ಅಜ್ಜಿಗೆ ಅನುಮಾನ ಯಾಕೆ ಬಂದೀತು? “ಈ ಮುಂಡೇವಕ್ಕೆ ಬುದ್ಧಿ ಯಾವಾಗ ಬರುತ್ತೋ” ಎಂದು ನಮ್ಮನ್ನೇ ಬೈದುಕೊಂಡು, ಅವರಿಗೆ ಕುಡಿಯಲು ನೀರು ಕೊಟ್ಟು, ಸರಪಳಿ ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಟ್ಟಳು. ಎಂಟು ಬೀಗ ತುಂಡಾದವು. ಒಂಬತ್ತನೆಯದು ಅಜ್ಜಿಯ ಟ್ರಂಕಿನ ಹಳೆಯ ಹಿತ್ತಾಳೆ ಬೀಗ. “ಇದನ್ನ ಮುಟ್ಟಿದರೆ ಕೈ ಮುರೀತೀನಿ. ಕೀಲಿನೂ ಕೊಡಲ್ಲ, ಠರಾವಾಗಿಲ್ಲ” ಎಂದಳಂತೆ. ಆ ಸಜ್ಜನರು ಎದುರಾಡದೆ, ಬೀಗವನ್ನು ಬಿಟ್ಟು ಪಕ್ಕದ ಸರಪಳಿಯ ಕೊಂಡಿಯನ್ನು ಕತ್ತರಿಸಿದರು. ಹಿರಿಯರ ಮಾತಿಗೆ ಅಷ್ಟು ಬೆಲೆ ಕೊಟ್ಟವರನ್ನು ನಾನು ಸರ್ಕಾರಿ ಕೆಲಸದಲ್ಲಿ ಇನ್ನೂ ನೋಡಬೇಕಾಗಿದೆ.

ನಾಯಿಯ ವಿಷಯ ಹೇಳದಿದ್ದರೆ ತಮ್ಮ ಸಲಹೆಗೆ ಅಪಚಾರ. ನಾಯಿ ಕಟ್ಟಿ ಎಂದಿರಿ, ಯಾವುದಕ್ಕೆ ಎಂದು ಹೇಳಲಿಲ್ಲ. ನಾವು ಟ್ರೇಲರ್‌ಗೇ ಕಟ್ಟಿದ್ದೆವು. ಅದು ಮೇಲೆ ಹತ್ತಿ ಕೂತು, ಕಿವಿಗೆ ಗಾಳಿ ತುಂಬಿಕೊಂಡು, ಕಳ್ಳನ ಜೊತೆ ಜಾಲಿಯಾಗಿ ಹೋಯಿತು.

ಆದರೂ ತಮ್ಮ ಇಲಾಖೆಯ ದಕ್ಷತೆಯೇ ದಕ್ಷತೆ! ಹೆದ್ದಾರಿಯಲ್ಲಿ ಎಡಗಡೆಯ ಟೈರ್ ಸಿಡಿದು, ಸರಿಯಾಗಿ ತಮ್ಮ ಠಾಣೆಯ ಎದುರಿಗೇ ಟ್ರೇಲರ್ ಅಡ್ಡ ನಿಂತದ್ದರಿಂದ, ತಾವು ಕಳ್ಳನನ್ನು ಚಾಣಾಕ್ಷತನದಿಂದ ಪತ್ತೆಹಚ್ಚಿ ಅದೇ ಸಂಜೆ ಬಂಧಿಸಿದಿರಿ. ಮೂರನೆಯ ದಿನಕ್ಕೆ ಅವನಿಗೆ ಜಾಮೀನಾಯಿತು. ನಾಯಿಗೆ ಅದೂ ಬೇಕಾಗಲಿಲ್ಲ, ಹಗ್ಗ ಕಡಿದುಕೊಂಡು ನಡೆದೇ ಮನೆಗೆ ಬಂತು. ಟ್ರೇಲರ್ ಮಾತ್ರ ಜಪ್ತಿ ಮಾಲೆಂದು ತಮ್ಮ ಅಂಗಳದಲ್ಲಿ ನಾಲ್ಕು ತಿಂಗಳಿಂದ ಒಳಗಿದೆ. ಅದು ಮಾಡಿದ ಅಪರಾಧ ಏನೆಂದು ಸಂಘದಲ್ಲಿ ಮೂರು ಸಭೆ ನಡೆಸಿದರೂ ನಮಗೆ ಹೊಳೆಯಲಿಲ್ಲ.

“ನಿಮ್ಮದೇ ಅನ್ನೋದಕ್ಕೆ ಏನು ದಾಖಲೆ?” ಎಂದಿರಿ. ವೆಲ್ಡಿಂಗ್ ಅಂಗಡಿಯವರು ಖುದ್ದಾಗಿ ಬಂದು “ಈ ಬೆಸುಗೆ ನನ್ನ ಕೈಯದ್ದು ಸಾರ್, ಅಡ್ಡಾದಿಡ್ಡಿ ಇದೆ ನೋಡಿ, ಬೇರೆ ಯಾರೂ ಇಷ್ಟು ಕೆಟ್ಟದಾಗಿ ಮಾಡಲ್ಲ” ಎಂದು ಮಾನ ಬಿಟ್ಟು ಹೇಳಿದರು. ರಸೀದಿ ಎಲ್ಲಿ ಎಂದಿರಿ. ಗುರುತು ಮಾಡಿ ಎಂಬ ತಮ್ಮದೇ ಸಲಹೆಯಂತೆ ತಳದ ತಗಡಿಗೆ ಕೆಂಪು ಬಣ್ಣದಲ್ಲಿ ಒಂಬತ್ತು ಮಂದಿಯೂ ಅಂಗೈ ಒತ್ತಿದ್ದನ್ನು, ಅಡಿಗೆ ತೂರಿ ಅಂಗಾತ ಮಲಗಿ, ಒಂದೊಂದಾಗಿ ಕೈ ಇಟ್ಟು ತೋರಿಸಿದೆವು. “ಅಂಗೈ ಎಲ್ಲರಿಗೂ ಇರುತ್ತಮ್ಮಾ” ಎಂದಿರಿ. ಬಡವರ ಒಂದು ಹೆಬ್ಬೆಟ್ಟು ಸಿಕ್ಕರೆ ಅವರ ಹೊಲವನ್ನೇ ಬರೆಸಿಕೊಳ್ಳುವ ಈ ವ್ಯವಸ್ಥೆಗೆ, ಒಂಬತ್ತು ಇಡೀ ಅಂಗೈಗಳು ಸಾಲದಾದವು. ಆಮೇಲೆ ಸಂಘದ ಠರಾವು ಮಾಡಿಸಿಕೊಂಡೇ ಅಜ್ಜಿ ಕೀಲಿ ತಂದು, ತುಂಡು ಸರಪಳಿಯಲ್ಲಿ ನೇತಾಡುತ್ತಿದ್ದ ಹಿತ್ತಾಳೆ ಬೀಗವನ್ನು ತಮ್ಮ ಕಣ್ಣೆದುರಿಗೇ ತೆರೆದಳು. “ಸರಿ, ಬೀಗ ನಿಮ್ಮದು ಅಂತ ಒಪ್ಪೋಣ. ಗಾಡಿ ನಿಮ್ಮದು ಅಂತ ಹೇಗೆ ಒಪ್ಪೋದು?” ಎಂದು, ನಮ್ಮದೆಂದು ಒಪ್ಪಿದ ಆ ಬೀಗವನ್ನೂ ಕೀಲಿಯನ್ನೂ ಸಾಕ್ಷ್ಯಕ್ಕೆಂದು ತಾವೇ ಇಟ್ಟುಕೊಂಡಿರಿ. ಕೊನೆಗೆ ನಮ್ಮ ಪಾಡು ನೋಡಲಾರದೆ ಕಳ್ಳನೇ ಠಾಣೆಗೆ ಬಂದು “ಸಾರ್, ಇವರ ಹೊಲದಿಂದಲೇ ಎತ್ತಿದ್ದು, ನನಗೆ ಗೊತ್ತಿಲ್ಲವಾ?” ಎಂದು ಗೋಗರೆದ. ತಾವು ನಕ್ಕು, “ಕಳ್ಳನ ಮಾತು ಯಾರಾದರೂ ನಂಬ್ತಾರಾ?” ಎಂದಿರಿ. ದಾರಿಯಲ್ಲಿ ಸಿಕ್ಕಾಗಲೆಲ್ಲ ಅವನು “ಗಾಡಿ ಬಂತಾ ಅಕ್ಕಾ?” ಎಂದು ವಿಚಾರಿಸುತ್ತಾನೆ. ಕದ್ದವನಿಗಿರುವ ಕಾಳಜಿ ಕಾಯುವವರಿಗೂ ಇರಲಿ ಎಂಬುದು ಅತಿಯಾಸೆಯೇ?

ಟ್ರೇಲರ್ ಈಗ ಪರಮ ಸುರಕ್ಷಿತವಾಗಿದೆಯೆಂಬುದನ್ನು ಒಪ್ಪುತ್ತೇವೆ. ಬಳ್ಳಿ ಗಾಲಿಯನ್ನು ಸುತ್ತಿದೆ, ತಮ್ಮ ಬೈಕು ಅದರ ನೆರಳಿನಲ್ಲಿ ತಣ್ಣಗಿದೆ, ಪೇದೆಗಳು ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಆದರೆ ಹಳ್ಳದ ದಂಡೆಯಲ್ಲಿ ನಮ್ಮ ಎಲೆಕೋಸು ಬಲಿತು ನಿಂತಿದೆ. ಸೋಮವಾರ ಕೊಯ್ಯದಿದ್ದರೆ ಗಡ್ಡೆ ಸಿಡಿಯುತ್ತದೆ. ದಲ್ಲಾಳಿ ಆಗಲೇ ಬೇಲಿಯ ಬಳಿ ವ್ಯಾನ್ ನಿಲ್ಲಿಸಿ, “ಏನಕ್ಕಾ, ನಿಮ್ಮ ಕ್ರಾಂತಿ ಠಾಣೆಯಲ್ಲಿದೆಯಂತೆ?” ಎಂದು ಹಲ್ಲು ಕಿರಿದು ಹೋಗಿದ್ದಾನೆ. ಈ ಬೆಳೆ ಅವನ ವ್ಯಾನ್ ಹತ್ತಿದರೆ ಮುಂದಿನದೂ ಹತ್ತುತ್ತದೆ, ಸಂಘದ ಕತೆ ಅಲ್ಲಿಗೆ ಮುಗಿಯುತ್ತದೆ.

ಆದ್ದರಿಂದ ವಿನಮ್ರವಾಗಿ ಕೋರುವುದೇನೆಂದರೆ, ಕಳ್ಳನಿಗೆ ಕೊಟ್ಟ ಜಾಮೀನನ್ನು ದಯಮಾಡಿ ಟ್ರೇಲರ್‌ಗೂ ಕೊಡಿಸಿ. ಅದು ಸಾಕ್ಷಿಗಳನ್ನು ಬೆದರಿಸುವುದಿಲ್ಲ, ಊರು ಬಿಟ್ಟು ಓಡಿಹೋಗುವುದೂ ಇಲ್ಲ, ಒಂದು ಟೈರ್ ಮೊದಲೇ ಸಿಡಿದಿದೆ. ಅದು ಆಗದಿದ್ದರೆ ಅದರ ಬದಲು ನಮ್ಮಲ್ಲಿ ಇಬ್ಬರನ್ನು ಅಂಗಳದಲ್ಲಿ ಕೂರಿಸಿಕೊಳ್ಳಿ, ತಮ್ಮ ಬೈಕಿಗೆ ನೆರಳು ಹಿಡಿದು ನಿಲ್ಲುತ್ತೇವೆ. ಅದೂ ಆಗದಿದ್ದರೆ, ಕದ್ದವರಿಗೇ ಈ ಇಲಾಖೆಯಿಂದ ಬೇಗ ಬಿಡುಗಡೆ ಎಂಬುದನ್ನು ಕಣ್ಣಾರೆ ಕಂಡಿರುವ ನಮಗೆ ಉಳಿದಿರುವುದು ಒಂದೇ ದಾರಿ. ಬರುವ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನಾವು ಒಂಬತ್ತು ಮಂದಿ, ಒಂದು ಹೊಸ ಟೈರು ಮತ್ತು ಡ್ರೈವರಕ್ಕನ ಬಾಡಿಗೆ ಟ್ರ್ಯಾಕ್ಟರ್ ಸಮೇತ ಬಂದು, ಹಾರ್ನ್ ಹೊಡೆದುಕೊಂಡು ತಮ್ಮ ಅಂಗಳದಿಂದ ಆ ಟ್ರೇಲರನ್ನು ಕದಿಯಲಿದ್ದೇವೆ. ಕಾನೂನಿಗೆ ತಲೆಬಾಗುವವರಾದ್ದರಿಂದ ಇದನ್ನು ಮುಂಗಡವಾಗಿ ತಿಳಿಸಿದ್ದೇವೆ. ತಡೆಯುವ ಇಚ್ಛೆಯಿದ್ದರೆ ನಾಲ್ಕು ಸಲಹೆಗಳಿವೆ: ಬೀಗ ಹಾಕಿ, ಲೈಟ್ ಹಾಕಿ, ನಾಯಿ ಕಟ್ಟಿ, ಗುರುತು ಮಾಡಿ. ಬಯಲಲ್ಲಿ ಗಾಡಿ ಬಿಟ್ಟು ಆಮೇಲೆ ನಮ್ಮ ಹತ್ತಿರ ಅಳಬೇಡಿ.

ಸೋಮವಾರ ಬೆಳಿಗ್ಗೆ ಏಳರವರೆಗೆ,
ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಹಾಗೂ ಎಂಟು ಮಂದಿಯ ಅಂಗೈ ಗುರುತುಗಳು

ಮರೆತ ಮಾತು: ಮೊನ್ನೆ ಆರನೆಯ ಅರ್ಜಿ ಕೊಡಲು ಬಂದಾಗ, ತಮ್ಮ ಠಾಣೆಯ ಗೇಟಿಗೆ ಹೊಳೆಯುವ ಹಿತ್ತಾಳೆ ಬೀಗವೊಂದು ಬಿದ್ದಿರುವುದನ್ನು ನಮ್ಮ ಹಿರಿಯಜ್ಜಿ ನೋಡಿದಳು. ಸಾಕ್ಷ್ಯವನ್ನು ಇಷ್ಟು ಉಪಯುಕ್ತವಾಗಿ ಕಾಪಾಡಿದ್ದಕ್ಕೆ ಧನ್ಯವಾದಗಳು. ಆ ಬೀಗಕ್ಕೆ ಕೀಲಿ ಎಷ್ಟೆಂದು ತಾವು ಅಂದು ಕೇಳಲಿಲ್ಲ, ಅಜ್ಜಿಯೂ ಹೇಳಲಿಲ್ಲ. ಎರಡನೆಯದು ಅವಳ ಕೊರಳ ದಾರದಲ್ಲಿದೆ. ಹಾಗಾಗಿ ಸೋಮವಾರ ಬೆಳಿಗ್ಗೆ ಗೇಟು ತೆರೆಯಲು ಯಾವ ಪೇದೆಯೂ ನಿದ್ದೆಯಿಂದ ಏಳುವ ಅಗತ್ಯವಿಲ್ಲ. ಕೀಲಿ ಬಳಸಲು ಈ ಸಲ ಸಂಘದಲ್ಲಿ ಸರ್ವಾನುಮತದ ಠರಾವಾಗಿದೆ.