ಟವೆಲ್‌ಗಳು ಕೂತು ಹೋಗುವ ಗಾಡಿ

ಈ ಸಂಗತಿಯನ್ನು ಮೊಟ್ಟಮೊದಲು ಬಾಯಿಬಿಟ್ಟು ಹೇಳಿದವನು ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಮುನಿಯಪ್ಪ. ಹೇಳಿದ್ದು ಶನಿವಾರ. ಅದೂ ಬಂಗಾರು ತಿರುಪತಿಯಲ್ಲಿ ವೆಂಕಟರಮಣನ ದರ್ಶನ ಮುಗಿಸಿ, ಹಣೆಯ ನಾಮ ಇನ್ನೂ ಒಣಗುವ ಮೊದಲೇ. ಆದ್ದರಿಂದ ಇದರಲ್ಲಿ ಸುಳ್ಳು ಸೇರಿರುವ ಸಂಭವವಿಲ್ಲ.

ರೈಲುಗಾಡಿಯಲ್ಲಿ ಆಸನವು ಅದರ ಮೇಲೆ ಕೂತವರದ್ದಲ್ಲ, ಟವೆಲ್ ಹಾಕಿದವರದ್ದು. ಮಾರಿಕುಪ್ಪಂನಲ್ಲಿ ಬೆಳಿಗ್ಗೆ ಹೊರಟು, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ಗಾಡಿಯಲ್ಲಿ ಇದು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಷ್ಟೇ ನಿರ್ವಿವಾದವಾದ ಮಾತು. ಗಾಡಿ ಮಾರಿಕುಪ್ಪಂ ಬಿಡುವಾಗ ಖಾಲಿ ಇರುತ್ತದೆ. ಬಂಗಾರಪೇಟೆಗೆ ಬರುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಹೀಗಾಗಿ ಬಂಗಾರಪೇಟೆಯವರು ತಮ್ಮ ಟವೆಲ್‌ಗಳನ್ನು ಹಿಂದಿನ ಸಂಜೆಯೇ ಮುನಿಯಪ್ಪನ ಕೈಗೆ ಕೊಟ್ಟಿರುತ್ತಾರೆ. ಅವನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲುಗಾರ. ಬೆಳಿಗ್ಗೆ ಚಾಂಪಿಯನ್ ಸ್ಟೇಷನ್ನಿನಲ್ಲಿ ಚೀಲದ ಸಮೇತ ಹತ್ತಿ, ಅರ್ಚಕರು ದೇವರಿಗೆ ವಸ್ತ್ರ ಏರಿಸುವಷ್ಟೇ ಶ್ರದ್ಧೆಯಿಂದ ಸೀಟಿಗೊಂದರಂತೆ ಹಾಸುತ್ತಾನೆ. ಯಾವ ಟವೆಲ್ ಯಾರದ್ದು ಎಂದು ಅವನಿಗೂ ಗೊತ್ತು, ಊರಿಗೂ ಗೊತ್ತು. ಈ ಏರ್ಪಾಡು ತಲೆಮಾರಿನಿಂದ ಮಾಮೂಲಿ ಬೈಗುಳಗಳೊಂದಿಗೆ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು.

ಇದನ್ನು ಸುಧಾರಿಸಬೇಕೆಂದು ತೋರಿದ್ದು ಸುಧಾಕರನಿಗೆ.

ಸುಧಾಕರ ಬಂಗಾರಪೇಟೆ ಪಕ್ಕದ ಹಳ್ಳಿಯವನು. ಮನೆಯಲ್ಲಿ ಹಸುಗಳು, ಡೇರಿಗೆ ಹಾಲು. ವೈಟ್‌ಫೀಲ್ಡ್ ಹತ್ತಿರ ಕಂಪ್ಯೂಟರ್ ಕೆಲಸ. ಬೇರೆಯವರು ಮಾಡಿದ ಆ್ಯಪುಗಳಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಅವನ ಕೈಯಲ್ಲೊಂದು ಗಡಿಯಾರವಿತ್ತು. ಅವನು ಉಸಿರಾಡುತ್ತಿದ್ದಾನೆ ಎಂಬುದನ್ನು ಆಗಾಗ ಅವನ ಗಮನಕ್ಕೆ ತರುತ್ತಿತ್ತು. ಮನೆಯಲ್ಲಿ ಮಾತು ಕೇಳುವ ಬಲ್ಬಿತ್ತು. ತಾಯಿ ಗಂಗರತ್ನಮ್ಮ ಸಂಜೆ ದೇವರ ಮುಂದೆ ದೀಪ ಹಚ್ಚಲು ಸೊಸೆಗೆ ಹೇಳಿದರೆ ಬಚ್ಚಲುಮನೆ ಬೆಳಗುತ್ತಿತ್ತು. ಇವನ್ನೆಲ್ಲ ಸುಧಾಕರ ಪ್ರಗತಿ ಎಂದು ಕರೆಯುತ್ತಿದ್ದ. ಗಾಡಿಯ ಬಾಗಿಲಲ್ಲಿ ಜೋತುಬಿದ್ದಾಗ ಅವನಿಗೆ ಆಲೋಚನೆಗಳು ಬರುತ್ತಿದ್ದವು, ಬಂದದ್ದನ್ನು ಪಕ್ಕದವರ ಕಿವಿಗೆ ಹಾಕುತ್ತಿದ್ದ.

“ನೋಡಿ, ನನ್ನ ಫೋನಿಗೆ ನಾನು ಟೇಕಲ್ ದಾಟಿದ್ದು ಗೊತ್ತಾಗುತ್ತೆ. ಮಾಲೂರಲ್ಲಿ ಮಳೆ ಬರೋದು ಗೊತ್ತಾಗುತ್ತೆ. ನಾನು ಒಂಟಿಕಾಲಲ್ಲಿ ನಿಂತಿರೋದು ಮಾತ್ರ ಗೊತ್ತಾಗಲ್ಲ. ಇದು ಮನುಷ್ಯಕುಲದ ಸೋಲು.”

“ಸೋಲೋ ಗೆಲುವೋ, ಒಸಿ ನಿನ್ ಬ್ಯಾಗು ನನ್ ಮೂಗಿನಿಂದ ತೆಗಿಯಪ್ಪ,” ಎನ್ನುತ್ತಿದ್ದರು ಪಕ್ಕದವರು.

ಅವನ ಹೆಂಡತಿ ಸಹನ ಅದೇ ಆಫೀಸಿನಲ್ಲಿ ಬೇರೆ ಮಹಡಿಯಲ್ಲಿದ್ದಳು. ಏಳು ತಿಂಗಳ ಬಸುರಿ. ರಜೆ ಶುರುವಾಗಲು ಇನ್ನೂ ಒಂದೂವರೆ ತಿಂಗಳಿತ್ತು, ಅಲ್ಲಿಯವರೆಗೆ ಖುದ್ದಾಗಿ ಬರತಕ್ಕದ್ದು ಎಂದು ಆಫೀಸಿನವರು ಬಹಳ ಪ್ರೀತಿಯಿಂದ ತಿಳಿಸಿದ್ದರು. ಕೂತು ಹೋಗಬೇಕು, ನಿಂತರೆ ಕೂಸಿಗೆ ತೊಂದರೆ ಎಂದು ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. ಆದ್ದರಿಂದ ಸಹನಳಿಗೂ ಒಂದು ಟವೆಲ್ ಮುನಿಯಪ್ಪನ ಚೀಲ ಸೇರಿತು.

ಒಂದು ದಿನ ಒಂದೇ ಸೀಟಿನ ಮೇಲೆ ಎರಡು ಟವೆಲ್ ಕಂಡವು. ಒಂದು ಸಹನಳದ್ದು, ಇನ್ನೊಂದು ಗಾರ್ಮೆಂಟ್ಸ್‌ಗೆ ಹೋಗುವ ಅನಸೂಯಮ್ಮನದ್ದು.

“ನಂದು ಕೆಳಗೈತೆ. ಅಂದ್ರೆ ಮೊದಲು ಆಕಿದ್ದು ನಂದು,” ಎಂದಳು ಅನಸೂಯಮ್ಮ.

“ಅಯ್ಯೋ ಸಾಮೀ, ಬರೀ ಸೀಟ್ ಮೇಲೆ ನಾನೇ ಆಕಿದ್ದು ಈ ಅಮ್ಮಂದು. ನಿಮ್ದು ಕೆಳಗೆಂಗೆ ತೂರ್ಕೊಂತೋ ಆ ಮುರುಗನ್ನೇ ಕೇಳಬೇಕು,” ಎಂದ ಮುನಿಯಪ್ಪ.

ಟವೆಲ್‌ಗಳಿಗೆ ಬಾಯಿಲ್ಲದ ಕಾರಣ ಸತ್ಯ ಹೊರಬೀಳಲಿಲ್ಲ. ಅನಸೂಯಮ್ಮ ಕೂತಳು. ಸಹನ ಬಸುರಿ ಎಂಬುದು ಬೋಗಿಗೆಲ್ಲ ಕಾಣುತ್ತಿತ್ತು, ಬೋಗಿಯೆಲ್ಲ ಮರುಗಿತು. ಯಾರೂ ಎದ್ದುಕೊಡಲಿಲ್ಲ, ಏಕೆಂದರೆ ಎದ್ದರೆ ಟವೆಲ್‌ಗೆ ಅವಮಾನ. ವೈಟ್‌ಫೀಲ್ಡ್‌ನಲ್ಲಿ ಇಳಿಯುವಾಗ ಅವಳ ಪಾದ ಚಪ್ಪಲಿಯೊಳಗೆ ಹಿಡಿಯಲಿಲ್ಲ.

ಸಂಜೆ ಗಂಗರತ್ನಮ್ಮ ಸೊಸೆಯ ಕಾಲಿಗೆ ಬಿಸಿನೀರು ಹಾಕುತ್ತ ಮಗನನ್ನು ಕೇಳಿದರು: “ಏನ್ಲಾ, ‘ಬಸುರಿ ಅವಳೆ, ಒಸಿ ಜಾಗ ಬಿಡಿ’ ಅಂತ ಬಾಯಿಬಿಟ್ಟು ಕೇಳಕೇನ್ಲಾ ನಿಂಗೆ?”

“ಅದು ಸ್ಕೇಲ್ ಆಗಲ್ಲಮ್ಮ.”

“ಏನಾಗಲ್ಲ?”

“ದೊಡ್ಡ ಮಟ್ಟದಲ್ಲಿ ನಡೆಯಲ್ಲ ಅಂತ.”

“ಒಬ್ಬಳು ಬಸುರಿಗೆ ಒಂದು ಸೀಟು ಕಣ್ಲಾ! ದೊಡ್ಡ ಮಟ್ಟ ಯಾಕ್ಲಾ?”

ವಿದ್ಯಾವಂತನಾದ ಸುಧಾಕರ ಅಂದೇ ರಾತ್ರಿ ಕಂಪ್ಯೂಟರ್ ಮುಂದೆ ಕೂತ. ಟವೆಲ್‌ನ ಮೂಲೆಗೆ ಹೊಲಿಯಬಹುದಾದ ಒಂದು ಗುಂಡಿಯನ್ನು ತಯಾರಿಸಿದ. ಟವೆಲ್ ಯಾವಾಗ ಸೀಟು ಮುಟ್ಟಿತು ಎಂಬುದನ್ನು ಅದು ಫೋನಿಗೆ ತಿಳಿಸುತ್ತಿತ್ತು. ಬೇರೆ ಯಾರಾದರೂ ಎತ್ತಿದರೆ ಕೂಗಿಕೊಳ್ಳುತ್ತಿತ್ತು. ಒಡೆಯರು ಬಂದು ಫೋನಿನಲ್ಲಿ ‘ಬಂದೆ’ ಎಂದು ಒತ್ತಿದರೆ ಸುಮ್ಮನಾಗುತ್ತಿತ್ತು. ಆ್ಯಪಿಗೆ ‘ಆಸನಮಿತ್ರ’ ಎಂದು ಹೆಸರಿಟ್ಟು, ಕಳಶಕ್ಕೆ ಕಟ್ಟುವ ಹಾಗೆ ಗುಂಡಿಗೆ ಅರಿಶಿನದ ದಾರ ಕಟ್ಟಿ ಪೂಜೆ ಮಾಡಿಸಿದ. ಮೊದಲ ವಾರ ಸಹನ ಕೂತು ಹೋದಳು. ದೇವರು ಕಣ್ಣುಬಿಟ್ಟ ಎಂದು ಗಂಗರತ್ನಮ್ಮ ತುಪ್ಪದ ದೀಪ ಹಚ್ಚಿದರು.

ಇಷ್ಟಕ್ಕೇ ನಿಂತಿದ್ದರೆ ಇದು ಕತೆಯಾಗುತ್ತಿರಲಿಲ್ಲ. ಎಲ್ಲರೂ ಗುಂಡಿ ಕೇಳಿದರು. ಗುಂಡಿ ಎಲ್ಲರಿಗೂ ಸಿಕ್ಕಿದ ಮೇಲೆ ಅದಕ್ಕೊಂದು ಸಮಿತಿ ಬೇಕಾಯಿತು. ಸಮಿತಿ ಆದ ಮೇಲೆ ಅಧ್ಯಕ್ಷರು ಬೇಕಾಯಿತು. ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಮೇಲ್ವಿಚಾರಕರಾಗಿದ್ದ ಕದಿರಪ್ಪನವರು ಟೀ ಕೇಳುವಾಗಲೂ “ಒಂದು ಟೀಯನ್ನು ಒದಗಿಸತಕ್ಕದ್ದು” ಎನ್ನುವವರಾದ್ದರಿಂದ ಬೇರೆ ಹೆಸರು ಯಾರ ಮನಸ್ಸಿಗೂ ಬರಲಿಲ್ಲ. ಟವೆಲ್‌ಗಳ ಕೂಗಿಗೆ ಅವರದೇ ಧ್ವನಿಯನ್ನು ಅಳವಡಿಸಲಾಯಿತು. ಮರುದಿನ ಪ್ರಯಾಣಿಕರೆಲ್ಲರ ಫೋನಿಗೆ ಹೀಗೊಂದು ಪ್ರಕಟಣೆ ಬಂತು:

“ನಿತ್ಯ ಪ್ರಯಾಣಿಕರ ಆಸನ ಸಂರಕ್ಷಣಾ ಸಮಿತಿಯ ಗಮನಕ್ಕೆ ಬಂದಿರುವಂತೆ, ಕೆಲವು ಪ್ರಯಾಣಿಕರು ಟವೆಲ್ ಹಾಕುವುದಷ್ಟೇ ಅಲ್ಲದೆ ಅದರ ಮೇಲೆ ಕೂರುತ್ತಲೂ ಇದ್ದಾರೆ. ಇದರಿಂದ ಗುಂಡಿಗಳು ಒತ್ತಡಕ್ಕೆ ಒಳಗಾಗುತ್ತಿವೆ. ಇನ್ನು ಮುಂದೆ, ಪ್ರಯಾಣದುದ್ದಕ್ಕೂ ಅಲುಗಾಡದೆ ಇದ್ದ ಟವೆಲ್‌ಗೆ ಹೆಚ್ಚಿನ ಶ್ರೇಯಾಂಕ ನೀಡಲಾಗುವುದು. ಹೆಚ್ಚಿನ ಶ್ರೇಯಾಂಕದ ಟವೆಲ್‌ಗೆ ಮರುದಿನ ಉತ್ತಮ ಆಸನ ಮೀಸಲು. ಕೂತವರ ಟವೆಲ್‌ನ ಶ್ರೇಯಾಂಕ ಕುಸಿಯುವುದು, ಟವೆಲ್ ಕೂಗಿಕೊಳ್ಳುವುದು. ಎಚ್ಚರಿಕೆಯ ಕೂಗನ್ನು ನಿಲ್ಲಿಸುವ ಅಧಿಕಾರ ಅಧ್ಯಕ್ಷರಿಗೆ ಮಾತ್ರ.”

ಈ ಶ್ರೇಯಾಂಕದ ಲೆಕ್ಕಾಚಾರವನ್ನು ಬರೆದುಕೊಟ್ಟವನು ಸುಧಾಕರನೇ. ಎರಡು ಭಾನುವಾರ ಕೂತು ಬರೆದ. ಅದರಲ್ಲಿ ತಪ್ಪು ಹುಡುಕಿ ನೋಡಿದ, ಸಿಗಲಿಲ್ಲ.

ನಿಯಮ ಸರಳವಾಗಿತ್ತು. ನಾಳೆ ಸೀಟು ಬೇಕಾದವರು ಇವತ್ತು ನಿಲ್ಲಬೇಕು. ನಾಳೆ ಸೀಟು ಬೇಡದವರು ಬಂಗಾರಪೇಟೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಒಂದು ಸೋಮವಾರ ಗಾಡಿ ಬಂಗಾರಪೇಟೆ ಬಿಟ್ಟಾಗ ಸೀಟುಗಳ ಮೇಲೆಲ್ಲ ಟವೆಲ್‌ಗಳು ನೆಮ್ಮದಿಯಾಗಿ ಕೂತಿದ್ದವು. ಮನುಷ್ಯರು ಅವುಗಳ ಸುತ್ತ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಗಾಳಿಗೆ ಹಾರದಿರಲಿ ಎಂದು ಕೆಲವರು ಕಿಟಕಿ ಮುಚ್ಚಿದರು. ಬೆವರಿದವರು ಒರೆಸಿಕೊಳ್ಳಲು ಅಂಗಿಯ ತೋಳು ಬಳಸಿದರು.

“ಎನ್ನ ಇದು, ಏನಿದು ಸುಧಾಕರ್ ಸಾರ್?” ಎಂದು ಮುನಿಯಪ್ಪ ಕೇಳಿದ. “ಎಲ್ಲಾ ಸೀಟೂ ಖಾಲಿ, ಎಲ್ಲಾ ಜನಾನೂ ನಿಂತವ್ರೆ.”

“ಖಾಲಿ ಅಲ್ಲ ಮುನಿಯಪ್ಪ. ಶೇಕಡಾ ನೂರು ಭರ್ತಿ,” ಎಂದು ಸುಧಾಕರ ಫೋನು ತೋರಿಸಿದ. ಫೋನು ಹಾಗೇ ಹೇಳುತ್ತಿತ್ತು.

ಸಹನ ನಿಂತೇ ಇದ್ದಳು. ಆ ವಾರವೆಲ್ಲ ನಿಂತಳು. ಗುರುವಾರ ಮಾಲೂರು ದಾಟಿದಾಗ ಕಣ್ಣು ಕತ್ತಲಿಟ್ಟು ಗಂಡನ ತೋಳು ಹಿಡಿದುಕೊಂಡಳು.

“ರೀ, ನಂಗಾಗ್ತಿಲ್ಲ. ನಾನು ಕೂರ್ತೀನಿ.”

“ಇನ್ನೊಂಚೂರು ತಡ್ಕೋ ಚಿನ್ನ. ಇವತ್ತು ಕೂತ್ರೆ ನಾಳೆಯಿಂದ ಸೀಟಿರಲ್ಲ.”

“ಇವತ್ತೂ ಇಲ್ವಲ್ರೀ!”

ಸುಧಾಕರನ ಗಡಿಯಾರ ಅವನ ಎದೆಬಡಿತ ಹೆಚ್ಚಾಗಿದೆಯೆಂದು ತಿಳಿಸಿತು. ಅವನು ಜನರನ್ನು ತೂರಿಕೊಂಡು ಕದಿರಪ್ಪನವರ ಬಳಿ ಹೋಗಿ ಬಸುರಿಯರಿಗೆ ವಿನಾಯಿತಿ ಬೇಡಿದ. ಕದಿರಪ್ಪನವರು ಕಂಬಿ ಹಿಡಿದು ನೇತಾಡುತ್ತಲೇ ವಿಷಯವನ್ನು ಪರಿಶೀಲಿಸಿದರು. ಅವರು ಕೆಟ್ಟವರಲ್ಲ. ಹೆಣ್ಣುಮಕ್ಕಳ ಕಷ್ಟ ಕಂಡರೆ ಅವರ ಕಣ್ಣಲ್ಲಿ ನೀರು ಬರುತ್ತದೆ, ಆಗಲೂ ಬಂತು.

“ಸಮಿತಿಯು ಮಾನವೀಯತೆಗೆ ವಿರುದ್ಧವಾಗಿಲ್ಲ,” ಎಂದರು. “ಸದರಿ ಮಹಿಳೆಯು ಇಬ್ಬರಿದ್ದ ಹಾಗೆ. ಆದ್ದರಿಂದ ಅವರಿಗೆ ಎರಡು ಟವೆಲ್ ಮಂಜೂರು ಮಾಡಲಾಗಿದೆ. ಒಂದು ಅವರಿಗೆ, ಒಂದು ಗರ್ಭಸ್ಥ ಶಿಶುವಿಗೆ.”

ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ತಟ್ಟಲು ಕೈ ಬಿಟ್ಟವರು ಒಬ್ಬರ ಮೇಲೊಬ್ಬರು ಬಿದ್ದರು.

ಮರುದಿನದಿಂದ ಸಹನಳಿಗೆ ಎರಡು ಸೀಟು. ಎರಡರ ನಡುವೆ ಅವಳು ನಿಲ್ಲಬೇಕು. ಮೊದಲ ದಿನ ನಿಂತಳು. ಎರಡನೆಯ ದಿನ ಟೇಕಲ್ ಬರುವ ಮೊದಲೇ ತನ್ನ ಟವೆಲ್‌ನ ಮೇಲೆ ಧೊಪ್ಪನೆ ಕೂತುಬಿಟ್ಟಳು.

“ಎಚ್ಚರಿಕೆ!” ಎಂದಿತು ಟವೆಲ್, ಕದಿರಪ್ಪನವರ ಧ್ವನಿಯಲ್ಲಿ. “ಈ ಟವೆಲ್‌ನ ಮೇಲೆ ಮನುಷ್ಯರು ಕೂತಿದ್ದಾರೆ. ಎಚ್ಚರಿಕೆ!”

ಬೋಗಿ ತಿರುಗಿ ನೋಡಿತು. ಕದಿರಪ್ಪನವರು ಅಲ್ಲಿಗೆ ಬಂದರು. ಈಗ ಅವರ ಧ್ವನಿ ಎರಡು ಕಡೆಯಿಂದ ಕೇಳಿಸುತ್ತಿತ್ತು.

“ತಾವು ಕೂತಿದ್ದೀರಿ ಎಂದು ವರದಿಯಾಗಿದೆಯಲ್ಲಮ್ಮ.”

“ಹೂಂ ಸಾರ್, ಕೂತಿದ್ದೀನಿ. ಏಳಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ.”

ಸುಧಾಕರ ಫೋನಿನಲ್ಲಿ ‘ಬಂದೆ’ ಎಂದು ಒತ್ತಿದ, ಮತ್ತೆ ಮತ್ತೆ ಒತ್ತಿದ. ಕೂಗನ್ನು ನಿಲ್ಲಿಸಲು ಅವನಿಂದ ಆಗಲಿಲ್ಲ. ಹಾಗೆ ಆಗದಂತೆ ಅವನೇ ಬಹಳ ಚೆನ್ನಾಗಿ ಮಾಡಿದ್ದ.

ಅನಸೂಯಮ್ಮ ತನ್ನ ನೀರಿನ ಬಾಟಲಿಯನ್ನು ಸಹನಳ ಬಾಯಿಗೆ ಹಿಡಿದಳು. ಸೆರಗಿನಿಂದ ಗಾಳಿ ಬೀಸಿದಳು. “ಕೂತ್ಕಳಮ್ಮ, ಕೂತ್ಕ. ಎರಡು ಜೀವದವಳು,” ಎಂದು ಕಣ್ಣೊರೆಸಿಕೊಂಡಳು. “ಆದ್ರೂನೂ ರ‍್ಯಾಂಕು ಓಯ್ತಲ್ಲ ತಾಯಿ, ಅದೇ ನಂಗೆ ಒಟ್ಟೆ ಉರೀತದೆ.”

ವೈಟ್‌ಫೀಲ್ಡ್‌ವರೆಗೆ ಟವೆಲ್ ಕೂಗಿತು, ನಿಯಮಕ್ಕೆ ವಿರುದ್ಧವೆಂದು ಕದಿರಪ್ಪನವರು ಅದನ್ನು ನಿಲ್ಲಿಸಲಿಲ್ಲ. ಸಹನಳ ಟವೆಲ್ ಗಾಡಿಯಲ್ಲೇ ಕೊನೆಯ ಸ್ಥಾನಕ್ಕೆ ಇಳಿದು, ಮರುದಿನ ಅದಕ್ಕೆ ಸೀಟು ಸಿಗಲಿಲ್ಲ. ರಜೆ ಬರುವವರೆಗೆ ಅವಳು ಬಾಗಿಲ ಬಳಿ ಗೋಣಿಚೀಲ ಹಾಸಿಕೊಂಡು ನೆಲದ ಮೇಲೆ ಕೂತು ಹೋದಳು. ಹೊಟ್ಟೆಯೊಳಗಿನ ಕೂಸಿನ ಟವೆಲ್ ಮಾತ್ರ ಸೀಟಿನ ಮೇಲೆ ಹೋಗುತ್ತಿತ್ತು. ಇಳಿಯುವವರು ಅದಕ್ಕೆ ತಾಕದಂತೆ ಹುಷಾರಾಗಿ ಇಳಿಯುತ್ತಿದ್ದರು.

ವೆಂಕಟರಮಣನ ದಯೆಯಿಂದ ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು. ಬಿಂದುಶ್ರೀ ಎಂದು ಹೆಸರಿಟ್ಟರು. ತೊಟ್ಟಿಲ ಶಾಸ್ತ್ರದ ದಿನ ಕದಿರಪ್ಪನವರು ಸಮಿತಿಯೊಂದಿಗೆ ಬಂದರು, ಕೈಯಲ್ಲಿ ರಾಬರ್ಟ್‌ಸನ್‌ಪೇಟೆಯಿಂದ ತಂದ ಜರಿಯಂಚಿನ ಟವೆಲ್. ಸೋಬಾನೆ ಮುಗಿಯುವವರೆಗೆ ಕಾದು, ಗಂಟಲು ಸರಿಮಾಡಿಕೊಂಡು ಓದಿದರು:

“ಚಿರಂಜೀವಿ ಕುಮಾರಿ ಬಿಂದುಶ್ರೀಯ ಟವೆಲ್‌ನ ಮೇಲೆ ಇಂದಿನವರೆಗೆ ಯಾರೂ ಕೂತಿಲ್ಲ. ಹುಟ್ಟುವ ಮುನ್ನವೇ ಇಂಥ ಶಿಸ್ತು ತೋರಿದ ಪ್ರಯಾಣಿಕರು ಈ ಗಾಡಿಯ ಇತಿಹಾಸದಲ್ಲಿ ಇಲ್ಲ. ಸದರಿ ಟವೆಲ್‌ಗೆ ಪ್ರಥಮ ಶ್ರೇಯಾಂಕ ನೀಡಿ, ಕಿಟಕಿ ಪಕ್ಕದ ಆಸನವನ್ನು ಕಾಯಂ ಮಾಡಲಾಗಿದೆ.”

ಹೆಂಗಸರು ಮಗುವಿನ ದೃಷ್ಟಿ ತೆಗೆದರು. “ನಮ್ ಮನೇಲೂ ಒಂದೈತೆ, ಮೂರು ವರ್ಷ ಆದ್ರೂ ಒಂದು ರ‍್ಯಾಂಕಿಲ್ಲ,” ಎಂದು ಯಾರೋ ನಿಟ್ಟುಸಿರಿಟ್ಟರು.

ರಜೆ ಮುಗಿಯಿತು. ಸಹನ ಕೆಲಸಕ್ಕೆ ಹೊರಟ ದಿನ ಗಂಗರತ್ನಮ್ಮ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೆ ಬಂದರು.

“ಹಸಿ ಬಾಣಂತಿ ಮೈ ಕಣಮ್ಮ. ಕೂಸಿನ ಸೀಟು ಸುಮ್ಕೆ ಓಗ್ತದಲ್ಲ, ಅದ್ರಾಗೆ ನೀನು ಕೂತ್ಕಂಡು ಓಗು.”

ಸಹನ ಗಾಬರಿಯಿಂದ ಅತ್ತೆಯ ಕೈ ಹಿಡಿದುಕೊಂಡಳು.

“ಅಯ್ಯೋ ಅತ್ತೆ, ಎಲ್ಲಾದ್ರೂ ಉಂಟಾ! ನಾನು ಕೂತ್ರೆ ಮಗೂದು ರ‍್ಯಾಂಕು ಓಗ್ಬಿಡ್ತದೆ. ನಮ್ದೆಂಗೋ ಆಯ್ತು, ಅವಳ ಮುಂದಿನ ಗತಿ ಏನು?”

ಗಂಗರತ್ನಮ್ಮ ಮಗುವಿನ ಮುಖ ನೋಡಿದರು, ಯೋಚಿಸಿದರು, ತಲೆದೂಗಿದರು. ಅಂದಿನಿಂದ ಸಂಜೆ ಮಗ ಸೊಸೆ ಹೊಸಿಲು ದಾಟುವಾಗ ಅವರು ಕೇಳುವ ಮೊದಲ ಪ್ರಶ್ನೆ, “ಇವತ್ತೂ ಅದರ ಮ್ಯಾಲೆ ಯಾರೂ ಕೂತಿಲ್ಲ ತಾನೇ?” ಎಂಬುದು. ಕೂತಿಲ್ಲ ಎಂದರೆ ದೇವರಿಗೆ ಕೈಮುಗಿಯುತ್ತಾರೆ.

ಗಾಡಿ ಈಗಲೂ ವೇಳೆಗೆ ಸರಿಯಾಗಿ ಬರುತ್ತದೆ, ಯಾರದ್ದೂ ತಕರಾರಿಲ್ಲ. ಬಂಗಾರಪೇಟೆಯಿಂದ ವೈಟ್‌ಫೀಲ್ಡ್‌ವರೆಗೆ ಸಹನ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಿಂದ ಮಗಳ ಟವೆಲ್‌ನ ಸುಕ್ಕು ಸರಿಪಡಿಸುತ್ತ ನಿಂತಿರುತ್ತಾಳೆ. ಓದಿದವರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಇನ್ನೊಬ್ಬರ ಕಿವಿಗೆ ಹಾಕಬೇಕೆಂದು ಮುನಿಯಪ್ಪನ ಕೋರಿಕೆ. ಆದರೆ ಹೇಳುವಾಗ ದಯವಿಟ್ಟು ನಿಂತುಕೊಂಡೇ ಹೇಳಿ.