ಖಾಲಿಯಾಗಲು ಒಪ್ಪದ ಹಾರ್ಡ್ ಡಿಸ್ಕು

ಅನ್ಯಾಯವೊಂದನ್ನು ಕಂಡರೆ ಅದಕ್ಕೆ ಹೆಸರಿಟ್ಟು, ಫೋಟೋ ತೆಗೆದು, ಅರ್ಜಿ ಬರೆಯದ ಹೊರತು ನನಗೆ ಊಟ ಸೇರುವುದಿಲ್ಲ. ಇದು ನಾನು ಓದಿದ ಶಾಲೆಯ ದೋಷ. ಅಲ್ಲಿ ಬೆತ್ತವಿರಲಿಲ್ಲ, ಶನಿವಾರ ಮಕ್ಕಳೆಲ್ಲ ಬೇವಿನ ಮರದಡಿ ಸಭೆ ಸೇರಿ ಆ ವಾರ ಮೇಷ್ಟ್ರುಗಳು ಮಾಡಿದ ತಪ್ಪುಗಳನ್ನು ವಿನಯದಿಂದ ಎತ್ತಿ ಹೇಳಬೇಕಿತ್ತು. ಶಾಲೆ ಮುಗಿದರೂ ನನ್ನ ಪಾಲಿಗೆ ಆ ಸಭೆ ಮುಗಿಯಲಿಲ್ಲ. ಆಂಧ್ರದ ಗಡಿಯ ಹಿಂದೂಪುರದಲ್ಲಿ ಮೇಷ್ಟರಾದ ಮೇಲೆ ಒಡೆದ ನಲ್ಲಿ, ಕೆರೆಯಂಗಳವನ್ನು ಒತ್ತುವರಿ ಮಾಡಿ ಹಾಕಿದ ಬೇಲಿ, ಹುಣಿಸೆ ಮಂಡಿಯಲ್ಲಿ ಬೀಜ ಬಿಡಿಸುವ ಹೆಂಗಸರಿಗೆ ಕೂರಲು ನೆರಳಿಲ್ಲದಿರುವುದು, ಎಲ್ಲವೂ ನನ್ನ ಹಾರ್ಡ್ ಡಿಸ್ಕಿನಲ್ಲಿ ಫೋಟೋ ಸಮೇತ ಬಂದು ಕುಳಿತವು. ಇಂಗ್ಲಿಷ್ ನಿಘಂಟಿನಷ್ಟು ದಪ್ಪದ, ಕಂಪ್ಯೂಟರಿಗೆ ವೈರಿನಿಂದ ಸಿಕ್ಕಿಸುವ ಆ ಕಪ್ಪು ಡಬ್ಬಿಯಲ್ಲಿ ಆರು ವರ್ಷಗಳ ಅನ್ಯಾಯವಿತ್ತು. ನೋವು ಕನ್ನಡದಲ್ಲಿ ಆಗುತ್ತದೆ, ಅರ್ಜಿ ತೆಲುಗಿನಲ್ಲಿ ಹೋಗಬೇಕಾಗುತ್ತದೆ. ಹಾಗಾಗಿ ಪ್ರತಿಯೊಂದಕ್ಕೂ ಎರಡೆರಡು ಪ್ರತಿಗಳು ಬೇರೆ.

ಅದನ್ನು ಖಾಲಿ ಮಾಡಬೇಕಾದ ಸಂದರ್ಭ ಕಲ್ಯಾಣದುರ್ಗದಿಂದ ಬಂತು. ಅಲ್ಲಿರುವ ನನ್ನ ಸೋದರತ್ತೆ ಗಂಗತ್ತೆಯ ಗಂಟಲಲ್ಲಿ ಗಡ್ಡೆಯೊಂದು ಬೆಳೆದು, ಬರುವ ಸೋಮವಾರ ಆಪರೇಷನ್ ಎಂದು ನಿಗದಿಯಾಗಿತ್ತು. ಜೀವಕ್ಕೆ ಭಯವಿಲ್ಲ, ಆದರೆ ದನಿ ಮೊದಲಿನಂತೆ ಬರುವ ಭರವಸೆ ಕೊಡಲಾರೆ ಎಂದಿದ್ದರು ಡಾಕ್ಟರು. ಅತ್ತೆಗೆ ರಾಗಿ ಬೀಸುತ್ತ ಹಾಡುವ ಪದಗಳು ಎಷ್ಟು ಬರುತ್ತವೆಂದು ಆಕೆಗೇ ತಿಳಿಯದು; ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ಪದಗಳು ಅವು. ಮಗಳು ಶಾರದ ಎಲ್ಲವನ್ನೂ ವಿಡಿಯೋ ಮಾಡಿಡಬೇಕೆಂದು ಸ್ಟುಡಿಯೋದಿಂದ ಕ್ಯಾಮೆರಾ ತಂದಿದ್ದಳು. ಆದರೆ ಅವಳ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ.

"ಬಾವ, ನಿನ್ನ ಡಬ್ಬ ತಕಂಬಾ," ಎಂದಳು ಫೋನಿನಲ್ಲಿ. "ಹೋದ ಸಲ ಸಿಕ್ಕಿಸ್ದಾಗ ನಮ್ಮ ಕಂಪ್ಯೂಟ್ರಿಗೆ ವೈರಸ್ ಅಂಟಿಸ್ಬುಟ್ಟು ಹೋದೆ. ಈ ಸಲ ಪೂರ್ತಿ ಫಾರ್ಮ್ಯಾಟ್ ಮಾಡ್ಕೊಂಡೇ ಬಾ."

"ಅದರಲ್ಲಿ ನನ್ನ ಅರ್ಜಿಗಳಿವೆ, ಶಾರದ."

"ಆಫೀಸುಗಳಲ್ಲಿ ಇನ್ನೊಂದು ಪ್ರತಿ ಐತಲ್ಲ? ಯಾರೂ ಓದಿರಾಕಿಲ್ಲ, ಹೊಸದಾಗೇ ಇರ್ತವೆ ಬುಡು."

ಶುಕ್ರವಾರ ಮಧ್ಯಾಹ್ನ, ಮರುದಿನದ ಬಸ್ಸಿಗೆ ಹೊರಡಬೇಕಾದವನು, ಕಂಪ್ಯೂಟರಿನ ಮುಂದೆ ಕುಳಿತೆ. ಕಿಟಕಿಯಿಂದ ಮಂಡಿಯ ಹುಣಿಸೆಹಣ್ಣಿನ ಹುಳಿವಾಸನೆ ತೇಲಿ ಬರುತ್ತಿತ್ತು. ಅಳಿಸುವ ಮೊದಲು ಒಂದೊಂದನ್ನೂ ಕಡೆಯ ಸಲ ನೋಡಿಬಿಡೋಣ ಎನ್ನಿಸಿತು. ಒಂದು ಅರ್ಜಿ ತೆರೆದೆ, ಇನ್ನೊಂದು ತೆರೆದೆ. ಬೇಲಿ ಹಾಕಿದ್ದ ಕೆರೆಯ ಫೋಟೋದಲ್ಲಿ, ಆ ದಿನ ನನ್ನ ಕಣ್ಣಿಗೆ ಬೀಳದೇ ಹೋಗಿದ್ದ ಒಂದು ಕೊಕ್ಕರೆ ನಿಂತಿತ್ತು. ಒಂದೇ ಕಾಲಿನಲ್ಲಿ, ಬೆಳ್ಳಗೆ, ಯಾರ ಮೇಲೂ ದೂರಿಲ್ಲದೆ. ಅದನ್ನೇ ನೋಡುತ್ತಾ ಎಷ್ಟು ಹೊತ್ತು ಕಳೆಯಿತೋ, ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂದಿತ್ತು.

ಆಮೇಲೆ ಮನಸ್ಸು ಕಲ್ಲು ಮಾಡಿಕೊಂಡು ಫಾರ್ಮ್ಯಾಟ್ ಒತ್ತಿದೆ. ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಮೊದಲು ವಿದ್ಯುತ್ ಇಲಾಖೆಯನ್ನು ಶಂಕಿಸಿದೆ. ನಂತರ, ಕೊಂಡವನಿಗೂ ವಸ್ತುವಿನ ಮೇಲೆ ಪೂರ್ಣ ಅಧಿಕಾರ ಕೊಡದ ಬಹುರಾಷ್ಟ್ರೀಯ ಬಂಡವಾಳವನ್ನು. ಒಬ್ಬ ನಾಗರಿಕನಿಗೆ ಅವನ ಭಾಷೆಯಲ್ಲಿ ಕಾರಣ ಹೇಳದೆ ನಿರಾಕರಿಸುವುದು ಯಾವ ನ್ಯಾಯ ಎಂದು ಒಂದು ಅರ್ಜಿಯನ್ನೂ ಆರಂಭಿಸಿ, ಅಭ್ಯಾಸಬಲದಿಂದ ಅದನ್ನು ಅದೇ ಡಿಸ್ಕಿನಲ್ಲಿ ಉಳಿಸಿದೆ. ಸಂಜೆಯಾಗುತ್ತಿದ್ದಂತೆ ಸಿಟ್ಟಿನ ಜಾಗಕ್ಕೆ ಅಂಜಿಕೆ ಬಂತು. ಇದು ಖಾಲಿಯಾಗದಿದ್ದರೆ ಅತ್ತೆಯ ದನಿಗೆ ಜಾಗವೆಲ್ಲಿ?

ಕಂಪ್ಯೂಟರ್ ರಿಪೇರಿಯ ರಮಣಪ್ಪನನ್ನು ಕರೆಸಿದೆ. ಹಿಂದೆ ರೇಡಿಯೋ ಸರಿಮಾಡುತ್ತಿದ್ದ ಅವನಿಗೆ ಈಗಲೂ ಯಾವ ಯಂತ್ರವನ್ನಾದರೂ ಮೊದಲು ಕಿವಿಗಿಟ್ಟು ಕೇಳುವ ರೂಢಿ. ಡಬ್ಬಿಯನ್ನು ಕಿವಿಗಿಟ್ಟುಕೊಂಡ. "ಆರೋಗ್ಯವಾಗೈತೆ," ಎಂದ. ನಾನು ಬಂಡವಾಳಶಾಹಿಯ ವಿಷಯ ವಿವರಿಸತೊಡಗಿದೆ. ಅವನು ಕನ್ನಡಕ ಏರಿಸಿ ಪರದೆಯ ತಳವನ್ನು ನೋಡಿದ. ಅಲ್ಲಿ ನಾನು ತೆರೆದಿಟ್ಟ ಹದಿನಾಲ್ಕು ಅರ್ಜಿಗಳು ಸಾಲಾಗಿ ಮಡಚಿಕೊಂಡು ಕೂತಿದ್ದವು.

"ಚೂಡಂಡಿ, ನೋಡ್ರಿ ಸಾರ್," ಎಂದ. "ಮನೆ ತುಂಬ ಜನನ್ನ ಕುಂಡ್ರಿಸ್ಕೊಂಡು ಗೋಡೆಗೆ ಸುಣ್ಣ ಹೊಡೀತೀನಂದ್ರೆ ಆಯ್ತದಾ? ಎಲ್ಲಾ ನೀವೇ ಹಿಡ್ಕೊಂಡಿದ್ದೀರಿ. ಅದು ಅದ್ನೇ ಹೇಳ್ತಾ ಐತೆ: ಯಾರೋ ಬಳಸ್ತಾ ಅವ್ರೆ, ಮೊದ್ಲು ಬುಡ್ರಿ ಅಂತ."

"ಬೀಳ್ಕೊಡುತ್ತಿದ್ದೆ, ರಮಣಪ್ಪ."

"ಬೀಳ್ಕೊಡೋರು ಬಾಗ್ಲು ಬುಡಬೇಕು ಸಾರ್."

ಒಂದೊಂದನ್ನೇ ಮುಚ್ಚಿದ. ಕೊಕ್ಕರೆಯ ಸರದಿ ಬಂದಾಗ ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ. ಹಸಿರು ಪಟ್ಟಿ ನಿಧಾನವಾಗಿ ಬಲಕ್ಕೆ ಹರಿದು ಮುಗಿಯಿತು. ಆರು ವರ್ಷಗಳ ಅನ್ಯಾಯ ಹೋಯಿತು. ಹೊರಗೆ ಒಡೆದ ನಲ್ಲಿ ಮಾತ್ರ ಸೋರುತ್ತಲೇ ಇತ್ತು.

ಮರುದಿನ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಪೆನುಕೊಂಡದ ಬೆಟ್ಟ ಬಂದದ್ದಾಗಲಿ ಹೋದದ್ದಾಗಲಿ ಅರೆನಿದ್ದೆಯಲ್ಲಿದ್ದ ನನಗೆ ತಿಳಿಯಲಿಲ್ಲ. ಕಲ್ಯಾಣದುರ್ಗದಲ್ಲಿ ಅತ್ತೆ ಆಗಲೇ ತಲೆ ಬಾಚಿ, ಬೀಸುವ ಕಲ್ಲಿನ ಮುಂದೆ ರಾಗಿ ಸುರಿದುಕೊಂಡು ಕುಳಿತಿದ್ದಳು. ಕಲ್ಲು ತಿರುಗದೆ ಆಕೆಗೆ ಪದ ಬಾರದು. ಎರಡು ದಿನ ಹಾಡಿದಳು. ಇಷ್ಟು ರಾಗಿಹಿಟ್ಟು ಆ ಮನೆಯಲ್ಲಿ ಎಂದೂ ಆಗಿರಲಿಲ್ಲ.

ಆಪರೇಷನ್ ಸುಸೂತ್ರವಾಗಿ ನಡೆಯಿತು. ಡಾಕ್ಟರು ಅಂಜಿದಂತೆಯೇ ದನಿ ಹೋಯಿತು. ಒಣಗಿದ ಎಲೆ ಸರಿದಂಥ ಪಿಸುಮಾತೊಂದು ಉಳಿಯಿತು. ತಿಂಗಳ ಬಳಿಕ ಒಂದು ಸಂಜೆ ಮೂವರೂ ಆ ವಿಡಿಯೋ ಹಾಕಿಕೊಂಡು ಕುಳಿತೆವು. ಕಲ್ಲಿನ ಗುರುಗುರು ಮೊದಲು ಕೇಳಿತು. ಅದರ ಮೇಲೆ ಅತ್ತೆಯ ತುಂಬು ದನಿ ಎದ್ದಿತು. ಅತ್ತೆ ತನ್ನನ್ನು ತಾನೇ ಯಾರೋ ನೆಂಟಳೆಂಬಂತೆ ನೋಡುತ್ತಿದ್ದಳು. ತವರಿನ ಅಣ್ಣ ತಂಗಿಗೆ ಬಳೆ ತರುವ ಸಾಲು ಬಂತು.

"ಬಳೆ ಕೊಟ್ಟು ಹೊಲದ ಪಾಲು ತಪ್ಪಿಸಿದರಲ್ಲ ಅತ್ತೆ, ಇದು ಅನ್ಯಾಯವಲ್ಲವೇ?" ಎಂದಿತು ಪರದೆಯಾಚೆಯ ಒಂದು ಗಂಡುದನಿ.

"ಸುಮ್ಕಿರಪ್ಪ, ಕಲ್ಲು ತಿರುಗ್ತಾ ಐತೆ," ಎಂದಳು ಪರದೆಯ ಅತ್ತೆ.

ಎರಡನೆಯ ಪದದಲ್ಲಿ ಸೊಸೆ ಕೋಳಿ ಕೂಗುವ ಮುನ್ನ ಏಳುತ್ತಾಳೆ. ಅವಳ ದುಡಿಮೆಯ ಗಂಟೆಗಳನ್ನು ಕುರಿತು ಅದೇ ದನಿ ಆಕ್ಷೇಪಿಸಿತು. ಆರನೆಯದರಲ್ಲಿ ಜಾತಿಯ ಪ್ರಶ್ನೆ. ಒಂಬತ್ತನೆಯದರಲ್ಲಿ ಅತ್ತೆ ಹಾಡಿದ್ದು ನಾಲ್ಕೇ ಸಾಲು. ಉಳಿದದ್ದು ನನ್ನ ವಿಶ್ಲೇಷಣೆ.

ಶಾರದ ನನ್ನತ್ತ ತಿರುಗಿದಳು. "ಬಾವ, ಇದ್ರಾಗೆ ನಿನ್ನೊಬ್ಬನ್ನೇ ಫಾರ್ಮ್ಯಾಟ್ ಮಾಡಾಕೆ ಬತ್ತದಾ, ರಮಣಪ್ಪನ್ನ ಕೇಳು."

ಅತ್ತೆಯ ಭುಜಗಳು ಕುಲುಕಿದವು, ದನಿಯಿಲ್ಲದೆ ನಗುತ್ತಿದ್ದಳು. ಮುಂದಿನ ಪದ ಶುರುವಾಯಿತು, ಆಕೆಗೆ ಬಹಳ ಇಷ್ಟವಾದದ್ದು. ಅದು ನಡುವಿಗೆ ಬರುತ್ತಿದ್ದಂತೆ ಅತ್ತೆ ತುಟಿಯ ಮೇಲೆ ಬೆರಳಿಟ್ಟು 'ಶ್' ಎಂದಳು. ನಾನು ಮೊದಲೇ ಸುಮ್ಮನಿದ್ದೆ. ಡಬ್ಬಿಯೊಳಗಿದ್ದವನು ಗಂಟಲು ಸರಿಮಾಡಿಕೊಂಡ.